ಲೇತ್ ಭಟ್ಟನ ಗಾಳಿ ಪಂಪು

ಐಟಿಐ ಮುಗಿಸಿ ಟರ್ನರ್ ಕೆಲಸಕ್ಕೆ ಸೇರುವ ಮಕ್ಕಳು ಕೆಲವರು ಈಗಲೂ ಸಾಲಿಗ್ರಾಮದ ನಮ್ಮ ಮನೆಗೆ ಬರುತ್ತಾರೆ. ಕುಂದಾಪುರದಲ್ಲಿ ನನ್ನಷ್ಟು ಕಾಲ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವರು ಕಡಿಮೆ ಎಂದು ಯಾರೋ ಅವರಿಗೆ ಹೇಳಿರುತ್ತಾರೆ. ನಿಂತದ್ದು ನಿಜ. ನಿಂತು ಏನು ಮಾಡಿದೆ ಎಂಬುದನ್ನು ಯಾರೂ ಹೇಳಿರುವುದಿಲ್ಲವಾದ್ದರಿಂದ ಪಾಪ, ಗೌರವದಿಂದ ಕೈಕಟ್ಟಿ ಕುಳಿತುಕೊಳ್ಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟೂಲನ್ನು ಯಾವ ಕೋನದಲ್ಲಿ ಸಾಣೆ ಹಿಡಿಯಬೇಕು ಎಂಬುದು ಪುಸ್ತಕದಲ್ಲಿದೆ. ಯಾವ ಯಾವ ಕೋನದಿಂದ ಮರ್ಯಾದೆ ಹೋಗುತ್ತದೆ ಎಂಬುದು ಅದರಲ್ಲಿಲ್ಲ.

ನಮ್ಮದು ದೇವಸ್ಥಾನದ ಚಾಕರಿಯ ಮನೆ. ಅಪ್ಪ ನೈವೇದ್ಯದ ಅಡುಗೆಗೆ, ಅಣ್ಣ ಪೂಜೆಗೆ. ನನಗೆ ಮಂತ್ರ ಬಾಯಿಗೆ ನಿಲ್ಲಲಿಲ್ಲ, ಅನ್ನ ತಳ ಹಿಡಿಯದೆ ಬೇಯಲಿಲ್ಲ. ಎರಡೂ ಕಡೆಯಿಂದ ಹೊರಬಿದ್ದವನನ್ನು ಕುಂದಾಪುರದ ಹೊಳೆಬದಿಯ ವರ್ಕ್‌ಶಾಪಿನ ಗಣಪಯ್ಯಾಚಾರ್ರು ಸೇರಿಸಿಕೊಂಡರು. ದೋಣಿಯ ಶಾಫ್ಟು, ವಿಂಚು, ಅಕ್ಕಿ ಮಿಲ್ಲಿನ ರೋಲು, ಹೀಗೆ ತಿರುಗುವ ವಸ್ತುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಮೀನುಗಾರರು ನನಗೆ ‘ಲೇತ್ ಭಟ್ರು’ ಎಂದು ಹೆಸರಿಟ್ಟರು. ಆಚಾರ್ರು ಮಾತ್ರ ಮೊದಲ ದಿನ ‘ಮಾಣಿ’, ಅಂದರೆ ಹುಡುಗ, ಎಂದು ಕರೆದವರು ನನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೂ ಹಾಗೇ ಕರೆದರು.

ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೇರಿದ ಹೊಸತರಲ್ಲಿ ಬಲೆ ಎಳೆಯುವ ವಿಂಚಿಗೊಂದು ಶಾಫ್ಟು, ಅದರ ತುದಿಗೊಂದು ನಟ್ ಮಾಡಲು ಕೊಟ್ಟರು. ಅದು ಎಡಕ್ಕೆ ತಿರುಗುವ ಶಾಫ್ಟು, ಶಾಫ್ಟಿಗೂ ನಟ್ಟಿಗೂ ಎಡ ತ್ರೆಡ್, ಅಂದರೆ ಎಡಕ್ಕೆ ಸುತ್ತುವ ತಿರುಪಿನ ಗೆರೆ, ಬೇಕು. ನಾನು ಎರಡಕ್ಕೂ ಕನ್ನಡಿಯಂತೆ ಹೊಳೆಯುವ ಬಲ ತ್ರೆಡ್ ಹಾಕಿ ಕೊಟ್ಟೆ. ವಿಂಚು ತಿರುಗಿದಂತೆಲ್ಲ ನಟ್ ತಾನಾಗಿ ಸಡಿಲವಾಗಿ, ನಡುಸಮುದ್ರದಲ್ಲಿ ಹಗ್ಗ ಸುತ್ತುವ ಡ್ರಮ್ಮು ಕಳಚಿ ಬಿತ್ತು. ಪುಣ್ಯಕ್ಕೆ ಯಾರ ಕಾಲ ಮೇಲೂ ಬೀಳಲಿಲ್ಲ. ದೋಣಿಯವರು ಆ ಡ್ರಮ್ಮನ್ನೂ ನಟ್ಟನ್ನೂ ಹೊತ್ತು ತಂದು, ನಾವೆಲ್ಲ ಚಾ ಕುಡಿಯುವ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿಟ್ಟರು. ಆಚಾರ್ರು ನಟ್ಟನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

“ಮಾಣಿ, ನೀನ್ ಮಾಡಿದ್ ನಟ್ ಭಾರೀ ಲಾಯ್ಕಿತ್ತ್. ಕಳ್ಚುಕೆ ಸ್ಪ್ಯಾನರೇ ಬ್ಯಾಡ.”

ಆ ಮಾತು ಬಂದರಿಗೆ ನನಗಿಂತ ಮೊದಲು ತಲುಪಿತು. ಸುಮಾರು ಕಾಲ ನಾನು ಎದುರು ಬಂದರೆ ಮೀನುಗಾರರು ಲುಂಗಿ ಬಿಗಿ ಮಾಡಿಕೊಂಡು, “ಭಟ್ರ್ ಬಂದ್ರ್, ಗಟ್ಟಿ ಹಿಡ್ಕಣಿ” ಎನ್ನುತ್ತಿದ್ದರು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಸೇರಿದಾಗ ಅಳತೆಯ ಕ್ಯಾಲಿಪರಿನ ಕಾಲು ತಾಗುವ ಬಿಗಿಯನ್ನು ಬೆರಳಲ್ಲೇ ತಿಳಿಯಬೇಕಿತ್ತು. ಆಮೇಲೆ ವರ್ನಿಯರ್, ಮೈಕ್ರೋಮೀಟರ್, ಕೊನೆಗೆ ಬ್ಯಾಟರಿ ಹಾಕಿದ ಡಿಜಿಟಲ್. ಪ್ರತಿ ಹೊಸದು ಬಂದಾಗಲೂ ನಾನು ಮೊದಲು ವಿರೋಧಿಸಿದೆ, ಆಮೇಲೆ ಅದು ನನ್ನದೇ ಸಂಶೋಧನೆ ಎಂಬಂತೆ ಹೊಸಬರಿಗೆ ಪಾಠ ಹೇಳಿದೆ. ಮೊಬೈಲಿನ ವಿಡಿಯೋ ಮಾತ್ರ ಮೊದಲ ನೋಟಕ್ಕೇ ನನ್ನನ್ನು ಬೀಳಿಸಿತು. ಯಾವ ದೇಶದವನೋ ಏನೋ, ಗಡ್ಡದವನೊಬ್ಬ ತನ್ನ ಶೆಡ್ಡಿನಲ್ಲಿ ಕೈಯಿಂದಲೇ ಏನೇನೋ ಮಾಡುತ್ತಿದ್ದ. ಅವನ ಲೇತ್ ನಮ್ಮದಕ್ಕಿಂತ ಚಿಕ್ಕದು. ಅವನಿಂದ ಆಗುವುದಾದರೆ ನನ್ನಿಂದ ಯಾಕಾಗದು? ಅವನು ಕೆಟ್ಟುಹೋದದ್ದನ್ನೆಲ್ಲ ಕತ್ತರಿಸಿ ತೆಗೆದು ಸರಿಯಾದದ್ದನ್ನಷ್ಟೇ ತೋರಿಸುತ್ತಾನೆ ಎಂಬುದು ನನಗೆ ಹೊಳೆಯಲಿಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು, ಇಂಥ ಮನಸ್ಥಿತಿಯಲ್ಲಿದ್ದಾಗ ಉಪ್ಪುಂದದ ಗೋವಿಂದಣ್ಣ ಬಂದ.

ಗೋವಿಂದಣ್ಣ ನನ್ನದೇ ಪ್ರಾಯದವನು. ದೋಣಿಯ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆಯೋ ಹಗ್ಗವೋ ಸುತ್ತಿಕೊಂಡರೆ ಬಾಯಲ್ಲಿ ಕತ್ತಿ ಕಚ್ಚಿಕೊಂಡು ಕೆಳಗೆ ಮುಳುಗಿ ಕೊಯ್ದು ತೆಗೆಯುವುದು ಅವನ ಕೆಲಸ. ಅವನ ಕೈಯಲ್ಲಿ ನೀರಿನಡಿ ಉಸಿರಾಡಲು ಒಂದು ಮೊಳದುದ್ದದ ಗಾಳಿ ಬಾಟ್ಲಿ, ಅದಕ್ಕೆ ಗಾಳಿ ತುಂಬಿಸುವ ಕೈಪಂಪು.

“ಹ್ವಾಯ್ ಭಟ್ರೆ, ಇದೊಂದ್ ಸರಿ ಮಾಡಿ ಕೊಡ್ತ್ರಿಯಾ? ಭಾವ ಬೊಂಬಾಯಿಂದ ತಂದದ್ದ್. ಎರ್ಡ್ ಸಲ ಗಾಳಿ ತುಂಬ್ಸಿದೆ, ಮತ್ ಸುಂಯ್ ಅಂತ್. ಅಷ್ಟೆ.”

“ಇಷ್ಟ್ ಕಾಲ ಇದಿಲ್ದೇ ಮುಳ್ಗುತಿದ್ರಿ ಅಲ್ದಾ?”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಮೊದ್ಲ್ ಒಂದ್ ಉಸ್ರಿಗೆ ಹಗ್ಗ ಪೂರಾ ಕೊಯ್ದ್ ಬತ್ತಿದ್ದೆ. ಈಗ ಮತ್ ಮತ್ ಮೇಲ್ ಬರ್ಕ್. ಮೊನ್ನೆ ಅಡಿಯಂಗೇ ಕಣ್ಣಿಗ್ ಕತ್ಲಿ ಬಂತ್. ಮನಿಯಂಗೆ ಹೇಳ್ಲಿಲ್ಲೆ, ನೀವೂ ಹೇಳ್ಬೇಡಿ.”

“ಇದೆಂತ ದೊಡ್ಡ ಕೆಲ್ಸವಾ? ನಾಡ್ದಿಗೆ ಬನ್ನಿ” ಎಂದೆ.

ಪಂಪನ್ನು ಬಿಚ್ಚಿದೆ. ಅದರಲ್ಲಿ ಗಾಳಿ ಸೋರದಂತೆ ತಡೆಯುವ ಒಂದು ರಬ್ಬರ್ ಓ ರಿಂಗ್ ಹರಿದಿತ್ತು, ಬೇರೇನೂ ಇಲ್ಲ. ಹೊಸ ರಿಂಗ್ ಹಾಕಿ ಮುಚ್ಚಿದ್ದರೆ ಮುಗಿದಿತ್ತು. ಆದರೆ ಒಳಗೆ ಏನಿದೆ ನೋಡುವ ಚಪಲ. ಗಾಳಿಯನ್ನು ಒಂದೇ ಕಡೆಗೆ ಬಿಡುವ ಸಣ್ಣ ವಾಲ್ವಿನ ತಿರುಪು ಬಿಚ್ಚಿದೆನೋ ಇಲ್ಲವೋ, ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡು, ಅದರ ಹಿಂದಿನ ಕೂದಲಿನಂಥ ಸ್ಪ್ರಿಂಗು ಎರಡೂ ಟಣ್ಣನೆ ಹಾರಿ ಲೇತಿನ ಅಡಿಯ ಕಬ್ಬಿಣದ ಸುರುಳಿಗಳ ರಾಶಿಯಲ್ಲಿ ಮಾಯವಾದವು. ಅಯಸ್ಕಾಂತ ಹಿಡಿದು ಹುಡುಕಿದೆ. ಅಯಸ್ಕಾಂತಕ್ಕೆ ಇಡೀ ವರ್ಕ್‌ಶಾಪೇ ಅಂಟಿಕೊಂಡಿತು, ಆ ಗುಂಡೊಂದನ್ನು ಬಿಟ್ಟು.

ಗೋವಿಂದಣ್ಣ ಬಂದಾಗ ಕಳೆದುಹೋಯಿತು ಎಂದು ಹೇಳಲು ನಾಲಿಗೆ ಏಳಲಿಲ್ಲ. “ಇದ್ ಸಾಮಾನ್ ಸರಿ ಇಲ್ಲೆ. ನಾನೇ ಹೊಸ್ತ್ ಮಾಡಿ ಕೊಡ್ತೆ, ಗಟ್ಟಿದ್” ಎಂದೆ. ಇನ್ನೂರು ಬಾರ್ ಒತ್ತಡ ಬರುವಂತೆ ಮಾಡುತ್ತೇನೆ ಎಂದೂ ಸೇರಿಸಿದೆ.

“ಇನ್ನೂರ್ ಬಾರಾ?” ಅವನು ಬೆರಗಾದ. “ಕುಂದಾಪ್ರದಂಗೆ ಪೂರಾ ಹುಡ್ಕಿರೂ ಅಷ್ಟ್ ಇಲ್ಲೆ ಮಾರಾಯ್ರೆ.”

ಗಡ್ಡದವನ ವಿಡಿಯೋ ಪ್ರಕಾರ ಅದು ಮೂರು ಹಂತದ ಪಂಪು. ದೊಡ್ಡ ಕೊಳವೆ ಗಾಳಿಯನ್ನು ಸ್ವಲ್ಪ ಒತ್ತಿ ನಡುವಿನದಕ್ಕೆ ಕೊಡುತ್ತದೆ, ಅದು ಇನ್ನಷ್ಟು ಒತ್ತಿ ಸಣ್ಣದಕ್ಕೆ, ಸಣ್ಣದು ಬಾಟ್ಲಿಗೆ. ಒಂದರೊಳಗೊಂದು ಕೂರುವ ಮೂರು ಉಕ್ಕಿನ ಕೊಳವೆ ಬೇಕು. ಬ್ರಹ್ಮಾವರದ ಗುಜರಿಯಲ್ಲಿ ಜೆಸಿಬಿಯ ಹಳೇ ಹೈಡ್ರಾಲಿಕ್ ಸಿಲಿಂಡರಿನ ಒಳ್ಳೆಯ ಪೈಪು ಸಿಕ್ಕಿತು. ಅದನ್ನು ಗೋಣಿಯಲ್ಲಿ ಸುತ್ತಿ ಕುಂದಾಪುರದ ಬಸ್ಸು ಹತ್ತಿದೆ. ಸಾಸ್ತಾನದ ಟೋಲಿನಲ್ಲಿ ಬಸ್ಸು ಬ್ರೇಕು ಹಾಕಿದಾಗ ಪೈಪು ಗೋಣಿಯಿಂದ ಜಾರಿ, ಸೀಟುಗಳ ನಡುವೆ ಗಡಗಡನೆ ಉರುಳುತ್ತ ಡ್ರೈವರನ ಹತ್ತಿರ ಹೋಗಿ ನಿಂತಿತು.

“ಹ್ವಾಯ್, ಇದೆಂತ ತೋಪಾ?” ಕಂಡಕ್ಟರ್ ಕೂಗಿದ.

“ಅಲ್ಲ ಮಾರಾಯ, ಪಂಪು. ಸೈಕಲ್ ಪಂಪಿನ ಹಾಂಗೇ.”

“ಸೈಕಲ್ ಎಲ್ಲಿತ್ತ್? ಹಿಂದಿನ ಲಾರಿಯಂಗೆ ಬತ್ತಿತ್ತಾ?”

ಇಡೀ ಬಸ್ಸು ನಕ್ಕಿತು. ಕೋಟದಲ್ಲಿ ಇಳಿಯುವವರು ಕೂಡ ನನ್ನ ಭುಜ ತಟ್ಟಿ ಇಳಿದರು.

ಪಂಪು ಮಾಡಲು ತಿಂಗಳುಗಟ್ಟಲೆ ಹಿಡಿಯಿತು. ಸಂಜೆ ಅಂಗಡಿಯ ಕೆಲಸ ಮುಗಿದ ಮೇಲೆ ನನ್ನ ಪಂಪು. ಮೊದಲ ಪಿಸ್ಟನ್ನು ಬಿಗಿಯಾಗಿ ಕೊಳವೆಯೊಳಗೇ ಕಚ್ಚಿಕೊಂಡಿತು. ಎರಡನೆಯದು ಸಡಿಲ. ಮೂರನೆಯದು ಸರಿ ಕೂತಿತು. ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಒತ್ತಿದೆ. ಒತ್ತಡ ತೋರಿಸುವ ಗೇಜಿನ ಮುಳ್ಳು ಏರಿತು. ಮತ್ತೆ ಒತ್ತಿದೆ, ಇನ್ನೂ ಏರಿತು. ಮುಳ್ಳನ್ನು ಹತ್ತಿರದಿಂದ ನೋಡಿ ಆನಂದಿಸಲು ಬಗ್ಗಿ ಹಿಡಿ ಬಿಟ್ಟೆ. ವಾಲ್ವು ಸರಿ ಮುಚ್ಚಿರಲಿಲ್ಲ. ಒಳಗೆ ಹೋದ ಗಾಳಿ ಅಷ್ಟೂ ಪಿಸ್ಟನ್ನಿನ ಅಡಿಗೆ ವಾಪಸು ಬಂದು ಹಿಡಿಯನ್ನು ಮೇಲಕ್ಕೆ ಚಿಮ್ಮಿಸಿತು. ಅದು ನನ್ನ ಗಲ್ಲಕ್ಕೆ ಬಡಿದು ನಾನು ಹಿಂದಕ್ಕೆ ಕೂತೆ. ಒಂದು ಹಲ್ಲು ಅಲುಗಿತು. ಮನೆಯಲ್ಲಿ ಹೆಂಡತಿ ಪದ್ಮ ಕೇಳಿದಾಗ ಬಸ್ಸಿನ ಕಂಬಿ ತಾಗಿತು ಎಂದೆ. ಆ ವಾರ ಚಕ್ಕುಲಿ ಮಾಡಿ ಎದುರಿಗಿಟ್ಟು ಅವಳು ಸುಮ್ಮನೆ ನೋಡುತ್ತ ಕುಳಿತಳು.

ಮುಂದಿನದು ಎಣ್ಣೆಯ ಪ್ರಶ್ನೆ. ಒತ್ತಿದ ಗಾಳಿ ಸುಡುಸುಡು ಕಾಯುತ್ತದೆ. ಅಲ್ಲಿ ಎಂಜಿನ್ ಆಯಿಲ್ ಇದ್ದರೆ ಹೊತ್ತಿಕೊಳ್ಳುತ್ತದೆ, ಮೇಲಾಗಿ ಆ ಗಾಳಿ ಮನುಷ್ಯ ಉಸಿರಾಡುವುದು. ಅಷ್ಟು ನನಗೆ ಗೊತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಪದ್ಮನ ತೆಂಗಿನೆಣ್ಣೆ. ತಿನ್ನುವ ಎಣ್ಣೆ, ಉಸಿರಾಡಿದರೆ ಏನು ದೋಷ? ತೆಂಗಿನೆಣ್ಣೆಯೂ ಹೊತ್ತಿಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ದೇವಸ್ಥಾನದ ಮನೆಯಲ್ಲಿ ಹುಟ್ಟಿ, ಅದೇ ಎಣ್ಣೆಯ ದೀಪ ನೋಡುತ್ತ ಬೆಳೆದವನಿಗೆ ಅದನ್ನು ಬೇರೆಯವರು ಹೇಳಬೇಕೇ?

ಒಂದು ಸಂಜೆ ಒತ್ತಿ ಒತ್ತಿ ಪಂಪು ಸುಡುವಷ್ಟು ಕಾದಿತ್ತು. ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಬಗ್ಗಿ ಮೂಸುತ್ತಿದ್ದೆ. ಒಳಗಿನಿಂದ ‘ಢಬ್’ ಎಂದಿತು. ಕರಿ ಹೊಗೆ ಮುಖಕ್ಕೆ ಹೊಡೆಯಿತು. ದೋಸೆಕಾವಲಿ ಸೀದ ವಾಸನೆ ಹೊಳೆಯಾಚೆಗೂ ಹೋಗಿರಬೇಕು. ಬಾಗಿಲಿನಲ್ಲಿ ಯಾರೋ ನಿಂತಿದ್ದರು. ಮೀನಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡ ಹೆಂಗಸು.

“ಇಲ್ಲಿ ಭಟ್ರ್ ಅಂದ್ರೆ ಯಾರ್?”

“ನಾನೇ.”

“ನಮ್ ಮನೆಯವ್ರಿಗೆ ಗಾಳಿ ಕೊಡುದ್ ನೀವಾ?”

ಗೋವಿಂದಣ್ಣನ ಹೆಂಡತಿ ಜಲಜಕ್ಕ. ಗಂಡ ಹೇಳದಿದ್ದರೂ ಅವರಿಗೆ ಎಲ್ಲ ಗೊತ್ತಾಗಿತ್ತು. “ಹೌದ್” ಎಂದೆ. ಅವರು ನನ್ನನ್ನೇ ನೋಡಿದರು.

“ನಿಮ್ ಮೀಸಿ ಅರ್ಧ ಎಲ್ಲಿ ಹೋಯ್ತ್?”

ಮುಟ್ಟಿ ನೋಡಿದೆ. ಎಡಭಾಗ ಪುಡಿಯಾಗಿ ಕೈಗೆ ಬಂತು.

ಜಲಜಕ್ಕ ಬುಟ್ಟಿ ಕೆಳಗಿಟ್ಟರು. ಕೂಗಾಡುತ್ತಾರೆ ಎಂದುಕೊಂಡೆ, ಕೂಗಲಿಲ್ಲ. “ಕಾಣಿ ಭಟ್ರೆ, ನಂಗೆ ಗಂಡ ಒಬ್ನೇ. ಅವ್ರ್ ನೀರಿಗ್ ಹಾರಿ ಮೇಲ್ ಬಪ್ಪಲ್ಲಿವರಿಗೆ ನಾನೂ ದಡದಂಗೆ ಉಸ್ರ್ ಕಟ್ಕಂಡೇ ನಿಂತಿರ್ತೆ. ಈಗೀಗ ನನ್ನ್ ಉಸ್ರೂ ಸಾಕಾತಿಲ್ಲೆ. ಮಾಡುದಾದ್ರೆ ಸಮ ಮಾಡಿ ಕೊಡಿ. ಇಲ್ದಿರೆ ಆತಿಲ್ಲೆ ಅಂದೇಳಿ ಹೇಳಿ, ನಾನ್ ಅವ್ರನ್ನ ಮನಿಯಂಗೆ ಕಟ್ಟಿ ಹಾಕ್ತೆ.”

ಅಷ್ಟು ಹೇಳಿ ಹೋದರು. ಉಳಿದರ್ಧ ಮೀಸೆಯನ್ನು ನಾನೇ ಬೋಳಿಸಿದೆ. ಅಲ್ಲಿಯವರೆಗೆ ಪಂಪು ನನ್ನ ಜಾಣತನದ ಪ್ರದರ್ಶನವಾಗಿತ್ತು. ಅಂದು ಮೊದಲ ಸಲ ಇದು ಒಬ್ಬ ಮನುಷ್ಯನ ಮೂಗಿಗೆ ಹೋಗುವ ಗಾಳಿ ಎಂದು ಹೆದರಿಕೆಯಾಯಿತು.

ಮರುದಿನ ಆಚಾರ್ರು ಪಂಪಿನ ಹತ್ತಿರ ಬಂದರು. “ಮಾಣಿ, ಇದ್ಕೆ ನೀರಿನ ಟೆಸ್ಟ್ ಮಾಡಿದ್ಯಾ?”

“ಇಲ್ಲೆ. ಸೀದಾ ಗಾಳಿಯಂಗೇ ನೋಡ್ತಿದ್ದೆ.”

“ನೀರಂಗೆ ಒಡದ್ರೆ ಮೈ ಒದ್ದಿ ಆತ್ತ್. ಗಾಳಿಯಂಗೆ ಒಡದ್ರೆ ಮನಿಗ್ ಹೆಣ ಹೋತ್ತ್.”

ಇದನ್ನು ಹೊಸಬರು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ನೀರನ್ನು ಒತ್ತಿದರೆ ಅದು ಕುಗ್ಗುವುದು ಅತ್ಯಲ್ಪ, ಪೈಪು ಬಿರಿದರೆ ಚಿಮ್ಮಿ ಸುಮ್ಮನಾಗುತ್ತದೆ. ಒತ್ತಿದ ಗಾಳಿ ಹಾಗಲ್ಲ, ಬಿರಿದರೆ ಕಬ್ಬಿಣವನ್ನು ಚೂರು ಮಾಡಿ ಎಸೆಯುತ್ತದೆ. ನೀರು ತುಂಬಿಸಿ ಜ್ಯಾಕಿನಿಂದ ಒತ್ತಿ ನೋಡಿದೆವು. ನನ್ನ ಕೆಳಗಿನ ಮುಚ್ಚಳದ ತ್ರೆಡ್ಡು ನೂರೈವತ್ತರಲ್ಲೇ ಕಿತ್ತುಕೊಂಡು, ಆಚಾರ್ರ ಬಿಳಿ ಪಂಚೆ ಪೂರ್ತಿ ಒದ್ದೆಯಾಯಿತು. ಹಿಂದಿನ ದಿನ ಅದೇ ಮುಚ್ಚಳದ ಮೇಲೆ ನಾನು ಬಗ್ಗಿ ನಿಂತಿದ್ದೆ.

ಮುಚ್ಚಳ ಹೊಸದು ಮಾಡಿದೆ, ಉದ್ದ ತ್ರೆಡ್ ಹಾಕಿದೆ. ಎಣ್ಣೆ ಬಿಟ್ಟು ಸುಲಭಕ್ಕೆ ಹೊತ್ತಿಕೊಳ್ಳದ ಸಿಲಿಕೋನ್ ಗ್ರೀಸ್ ತಂದೆ. ನೀರಿನ ಪರೀಕ್ಷೆ ಪಾಸಾಯಿತು. ಆಮೇಲೆ ಗಾಳಿ. ಮುಳ್ಳು ಇನ್ನೂರಕ್ಕೆ ಬಂದು ನಿಂತಿತು. ಬಟ್ಟೆಯೆಲ್ಲ ಬೆವರು. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಗಡ್ಡದವನಿಗೆ ಮನಸ್ಸಿನಲ್ಲೇ ಒಂದು ಸಲಾಮು ಹೊಡೆದೆ.

ಮಳೆಗಾಲ ಶುರುವಾಗಿತ್ತು. ಬಾಟ್ಲಿ ತುಂಬಿಸಿ ಗೋವಿಂದಣ್ಣನಿಗೆ ತೋರಿಸಲೆಂದು ವಾಲ್ವು ತೆರೆದೆ. ಮೊದಲು ಗಾಳಿ ಬಂತು. ಅದರ ಹಿಂದೆಯೇ ಪಿಚಕಾರಿಯಂತೆ ನೀರು. ನಮ್ಮೂರಿನ ಆಷಾಢದ ಗಾಳಿಯನ್ನು ಅಷ್ಟು ಒತ್ತಿ ಹಿಂಡಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆಯೇ. ಗಡ್ಡದವನ ದೇಶದಲ್ಲಿ ಗಾಳಿ ಒಣಗಿರಬೇಕು.

“ಗಾಳಿ ಕೇಂಡ್ರೆ ನೀರ್ ಕೊಟ್ರಿಯಲೆ ಭಟ್ರೆ” ಎಂದ ಗೋವಿಂದಣ್ಣ, ಮುಖ ಒರೆಸಿಕೊಳ್ಳುತ್ತ. “ನಂಗೆ ನೀರಿಗೆ ಬರಗಾಲ ಇಲ್ಲೆ.”

ನೀರು ಹೀರುವ ಹರಳು ತುಂಬಿದ ಒಂದು ಡಬ್ಬಿಯನ್ನು ನಡುವೆ ಸೇರಿಸಿದೆ. ಗಾಳಿ ಒಣಗಿತು. ಗೋವಿಂದಣ್ಣ ಅಂದೇ ಬಾಟ್ಲಿ ಒಯ್ಯುತ್ತೇನೆ ಎಂದು ಹಟ ಹಿಡಿದ. ನಾಳೆ ಹೊಳೆಯಲ್ಲಿ ಕಟ್ಟಿಹಾಕಿದ ಒಂದು ದೋಣಿಯ ಕೆಲಸ ಒಪ್ಪಿಕೊಂಡಿದ್ದಾನಂತೆ. ಕೊಡಲು ಕೈ ಚಾಚಿದ ನಾನು, ಏನೆನ್ನಿಸಿತೋ, “ಮೊದ್ಲ್ ನಾನ್ ಉಸ್ರ್ ಎಳ್ದ್ ಕಾಂತೆ” ಎಂದೆ. ನನಗೆ ಈಜು ಬಾರದು. ಜೀವಮಾನವಿಡೀ ದೋಣಿಯ ಶಾಫ್ಟು ಮಾಡಿದವನು ಮೊಣಕಾಲಿಗಿಂತ ಮೇಲೆ ಸಮುದ್ರ ಕಂಡವನಲ್ಲ. ಸ್ಟೂಲಿನ ಮೇಲೆ ಕುಳಿತು, ಬಾಯಿಗೆ ಕೊಳವೆ ಕಚ್ಚಿ, ಒಣ ನೆಲದ ಮೇಲೆಯೇ ಮುಳುಗುಗಾರನಾದೆ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯಲಾರಂಭಿಸಿತು. ಬಾಯಲ್ಲಿ ಸೀದ ಎಣ್ಣೆಯ ರುಚಿ. ಎದ್ದು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಅಂದು ಹೊತ್ತಿದ ತೆಂಗಿನೆಣ್ಣೆಯ ಕರಿ ಕೊಳವೆಯ ಸಂದಿಗಳಲ್ಲಿ ಇನ್ನೂ ಕೂತಿತ್ತು. ನಾನು ಮೇಲಿಂದ ಒರೆಸಿದ್ದೆ, ಬಿಚ್ಚಿ ತೊಳೆದಿರಲಿಲ್ಲ.

ವಾಪಸು ಬಂದಾಗ ಗೋವಿಂದಣ್ಣ ಬಾಟ್ಲಿಯನ್ನು ತನ್ನ ಕಾಲಿನಿಂದ ದೂರ ತಳ್ಳಿದ್ದ. ಯಾರೂ ನಗಲಿಲ್ಲ. ಅದು ನೀರಿನಡಿಯಲ್ಲಾಗಿದ್ದರೆ ಎಂದು, ನೋಡುತ್ತ ನಿಂತಿದ್ದ ಆಚಾರ್ರೂ ಸೇರಿ ಮೂವರೂ ಯೋಚಿಸುತ್ತಿದ್ದೆವು.

ಆಚಾರ್ರು ಬಾಟ್ಲಿಯ ವಾಲ್ವು ತಿರುಗಿಸಿ ಮುಚ್ಚಿದರು. “ಗೋವಿಂದ, ನೀನ್ ಎಷ್ಟ್ ಅಡಿಗ್ ಹೋತೆ?”

“ಫ್ಯಾನ್ ಇಪ್ಪಲ್ಲಿಗೆ. ಒಂದಾಳ್ ನೀರ್.”

“ಒಂದಾಳ್?” ಆಚಾರ್ರು ನನ್ನ ಕಡೆ ತಿರುಗಿದರು. “ಒಂದಾಳ್ ನೀರಿಗೆ ಇನ್ನೂರ್ ಬಾರ್ ಎಂತಕಾ ಮಾಣಿ? ಮೇಲಿಂದ ಒಂದ್ ಪೈಪ್ ಬಿಟ್ಟ್, ದೋಣಿಯಂಗ್ ನಿಂತ್ಕಂಡ್ ಗಾಳಿ ಒತ್ರೆ ಸಾಕಲ್ದಾ?”

ಸೀಮೆಸುಣ್ಣ ತೆಗೆದು ನೆಲದ ಮೇಲೆ ಲೆಕ್ಕ ಹಾಕಿದೆ. ಒಂದಾಳು ನೀರಿನಡಿಗೆ ಗಾಳಿ ಕಳಿಸಲು ಸೈಕಲ್ ಟ್ಯೂಬಿಗೆ ಬೇಕಾಗುವಷ್ಟು ಒತ್ತಡವೂ ಬೇಡ. ಬೇಕಾದದ್ದು ಹೆಚ್ಚು ಗಾಳಿ, ಹೆಚ್ಚು ಒತ್ತಡ ಅಲ್ಲ. ನಾನು ಒಂದು ಚೊಂಬು ನೀರಿಗೆ ಬೋರ್‌ವೆಲ್ ಕೊರೆಯುತ್ತಿದ್ದೆ.

“ಇದನ್ ಮೊದ್ಲೇ ಹೇಳುಕೆ ಆತಿರ್ಲಿಲ್ಯಾ?”

“ನೀನ್ ಕೇಂಡಿಲ್ಲೆ. ಸಮುದ್ರ ಅಂದ್ರೆ ಆಳ ಅಂದೇಳಿ ನಾನೂ ಅಂದ್ಕಂಡಿದ್ದೆ.”

ಹೊಸ ಪಂಪು ಮಾಡುವುದು ಎಷ್ಟು ಸುಲಭವಾಯಿತೆಂದರೆ ನನಗೆ ಅವಮಾನವಾಯಿತು. ಅಗಲವಾದ ಎರಡು ಸ್ಟೀಲ್ ಕೊಳವೆ, ಊರ ಬೋರಿನ ಕೈಪಂಪಿಗೆ ಹಾಕುವ ರಬ್ಬರ್ ವಾಷರು, ನಡುವೆ ಏತದಂಥ ಒಂದು ಹಿಡಿ. ಒಂದು ಕಡೆ ಒತ್ತಿದರೂ ಗಾಳಿ, ಇನ್ನೊಂದು ಕಡೆ ಒತ್ತಿದರೂ ಗಾಳಿ. ಎಣ್ಣೆಯ ಒಂದು ತೊಟ್ಟೂ ಇಲ್ಲ. ಮಡಚಿಕೊಳ್ಳದ ಗಟ್ಟಿ ರಬ್ಬರ್ ಕೊಳವೆ, ತುದಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮುಖವಾಡ, ಹೆಚ್ಚಾದ ಗಾಳಿ ಹೊರಹೋಗಲು ಒಂದು ರಬ್ಬರ್ ನಾಲಿಗೆ. ಕೊಳವೆ ಕೊಳವೆಯನ್ನೂ ಬಿಸಿನೀರು ಸೋಪಿನಲ್ಲಿ ನಾನೇ ತೊಳೆದೆ. ದಡದ ಹತ್ತಿರ ಸೊಂಟಮಟ್ಟದ ನೀರಿನಲ್ಲಿ ಮೊದಲು ನಾನೇ ಮುಖ ಮುಳುಗಿಸಿ ನೋಡಿದೆ. ಇಬ್ಬರು ನನ್ನ ರಟ್ಟೆ ಹಿಡಿದುಕೊಂಡಿದ್ದರು. ಇದನ್ನು ಓದಿ ಯಾರೂ ಮನೆಯಲ್ಲಿ ಇಂಥದ್ದು ಮಾಡಲು ಹೋಗಬೇಡಿ. ನಮಗೆ ಏನೂ ಆಗಲಿಲ್ಲ ಎಂಬುದಕ್ಕೆ ನನ್ನ ಜಾಣತನ ಕಾರಣವಲ್ಲ ಎಂದು ಇಷ್ಟರಲ್ಲಿ ನಿಮಗೆ ತಿಳಿದಿರಬೇಕು.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿದ ಮೇಲೆ ಉಪ್ಪುಂದದಿಂದ ಫೋನು ಬಂತು. ಒಂದು ದೋಣಿಯ ಫ್ಯಾನಿಗೆ ದಪ್ಪ ಪ್ಲಾಸ್ಟಿಕ್ ಹಗ್ಗ ಸುತ್ತಿ, ಆ ದೋಣಿಯನ್ನು ಇನ್ನೊಂದು ದೋಣಿ ದಡದ ಹತ್ತಿರ ಎಳೆದು ತಂದಿತ್ತು. ಪಂಪು ಹೊತ್ತುಕೊಂಡು ಹೋದೆ. ದೋಣಿಯಲ್ಲಿ ಜಲಜಕ್ಕನೂ ಇದ್ದರು. ಬರಬೇಡ ಎಂದರೆ ಕೇಳುವವರಲ್ಲ.

ಪಂಪು ಒತ್ತಲು ಗಟ್ಟಿಮುಟ್ಟಾದ ಆಳುಗಳಿದ್ದರು. ನಾನು ಯಾರಿಗೂ ಬಿಡಲಿಲ್ಲ. ನಾನು ಮಾಡಿದ ಪಂಪು, ನಾನೇ ಒತ್ತುವುದು ಎಂದೆ. ಗೋವಿಂದಣ್ಣ ಮುಖವಾಡ ಕಟ್ಟಿಕೊಂಡು ಇಳಿದ. ನಾನು ಒತ್ತಲಾರಂಭಿಸಿದೆ. ನೀರಿನ ಮೇಲೆ ಗುಳ್ಳೆ ಬಂತು. ಗುಳ್ಳೆ ಕಂಡರೆ ಸಮಾಧಾನ, ಅಲೆ ಬಂದು ಗುಳ್ಳೆ ಮರೆಯಾದರೆ ದಿಗಿಲು. ಆಗ ಹುಚ್ಚನಂತೆ ಗಬಗಬ ಒತ್ತುವುದು. ಗುಳ್ಳೆ ಮತ್ತೆ ಕಂಡರೆ ದಣಿದು ನಿಧಾನ. ಕೈ ಬಿದ್ದುಹೋಗುತ್ತಿತ್ತು.

“ಭಟ್ರೆ, ಆಚಿಗ್ ಸರೀರಿ” ಎಂದರು ಜಲಜಕ್ಕ.

“ಇಲ್ಲ, ಆತ್ತ್, ಆತ್ತ್...”

“ಸರೀರಿ ಅಂದೆ.”

ಅವರು ಹಿಡಿ ಹಿಡಿದರು. ನಾನು ದೋಣಿಯ ಅಂಚಿಗೆ ಒರಗಿ ಕೂತೆ. ಅವರು ಗುಳ್ಳೆಯ ಕಡೆ ನೋಡಲೇ ಇಲ್ಲ. ಭತ್ತ ಕುಟ್ಟುವವರ ಹಾಗೆ, ಅವಸರವೂ ಇಲ್ಲದೆ ಆಲಸ್ಯವೂ ಇಲ್ಲದೆ ಒಂದೇ ಸಮನೆ ಒತ್ತುತ್ತ ಹೋದರು. ಬದಲಿಸಿಕೊಳ್ಳಲು ಬಂದ ಆಳನ್ನು ಕಣ್ಣಿನಲ್ಲೇ ದೂರ ಕಳಿಸಿದರು. ಕೆಳಗಿನಿಂದ ಹಗ್ಗದ ತುಂಡುಗಳು ಒಂದೊಂದಾಗಿ ಮೇಲೆ ತೇಲಿ ಬಂದವು.

ಕೊನೆಯ ತುಂಡಿನ ಜೊತೆ ಗೋವಿಂದಣ್ಣನೂ ಬಂದ. ಒಂದೇ ಸಲಕ್ಕೆ ಕೆಲಸ ಮುಗಿದಿತ್ತು. ದೋಣಿಗೆ ಹತ್ತಿ ಮುಖವಾಡ ತೆಗೆದ. ದಮ್ಮು ಕಟ್ಟಿರಲಿಲ್ಲ. ಪಂಪಿನ ಬಗ್ಗೆ ಏನಾದರೂ ಹೇಳುತ್ತಾನೆ ಎಂದು ನಾನು ಕಾದು ಕುಳಿತಿದ್ದೆ.

“ಸುರುವಿಗೆ ಒತ್ತಿದ್ದ್ ಯಾರ್?” ಎಂದ. “ಅದ್ ಹೆದ್ರಿದ್ದವ್ರ ಗಾಳಿ. ಒಂದ್ಸಲ ಬಾಯ್ ತುಂಬ ಬತ್ತ್, ಮತ್ ಬತ್ತೇ ಇಲ್ಲೆ. ಮೇಲ್ ಬಪ್ಪ ಅಂದ್ಕಂಡಿದ್ದೆ. ಅಷ್ಟೊತ್ತಿಗೆ ಕೈ ಬದ್ಲಾಯ್ತ್.” ಹೆಂಡತಿಯ ಕಡೆ ನೋಡಿದ. “ಅದ್ ನಿಂದೇ ಅಂದೇಳಿ ಅಡಿಯಂಗೇ ಗೊತ್ತಾಯ್ತ್.”

“ಎಂತ, ಗಾಳಿಯಂಗೆ ನನ್ನ್ ಹೆಸ್ರ್ ಬರ್ದಿತ್ತಾ?” ಎಂದರು ಜಲಜಕ್ಕ.

ದೋಣಿಯವರೆಲ್ಲ ನಕ್ಕರು. ನಾನೂ ನಕ್ಕೆ. ಜಲಜಕ್ಕ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಸಮುದ್ರದ ಕಡೆ ತಿರುಗಿ ನಿಂತರು. ಅವರ ಇನ್ನೊಂದು ಕೈ ಇನ್ನೂ ಪಂಪಿನ ಹಿಡಿಯ ಮೇಲೆಯೇ ಇತ್ತು.